ಏಳರ ನಂತರ ಒಂಬತ್ತು

ಕುರಿಗಳ ಕಿವಿಗೆ ನಂಬರಿನ ಟ್ಯಾಗು ಹಾಕಲು ಪಾಲಮಲೆಗೆ ಹೋಗಿದ್ದೆ. ಕುರಿಯ ಒಡತಿ ಮಾದಮ್ಮಜ್ಜಿಗೆ ಓದು ಬಾರದು. ಪ್ರತಿ ಟ್ಯಾಗನ್ನೂ ನನ್ನಿಂದ ಜೋರಾಗಿ ಓದಿಸಿ, ಅಂಕಿಗಳನ್ನು ಬೆರಳ ಗೆಣ್ಣಿನ ಮೇಲೆ ಕೂಡುತ್ತಿದ್ದಳು. ಮೊತ್ತ ಎಂಟು ಬಂದರೆ ಆ ಟ್ಯಾಗು ಬೇಡ.

"ಎಂಟು ಸನಿ ನಂಬರು ಸಾರ್. ಮಂದೆಗೆ ಆಗಾಕಿಲ್ಲ."

ಗಣಿತದಲ್ಲಿ ಡಿಗ್ರಿ ಮಾಡಿದವನು ನಾನು. "ಮೂರು ಎರಡುಗಳನ್ನ ಗುಣಿಸಿದ್ರೆ ಎಂಟು ಬರುತ್ತೆ ಅಜ್ಜಿ, ಅಷ್ಟೇ. ಅದರಲ್ಲಿ ಶನಿ ಎಲ್ಲಿಂದ ಬಂದ?" ಎಂದು ನಕ್ಕೆ. ಅವಳು ನಗಲಿಲ್ಲ.

3211 ಹಾಕಿಯಾಯಿತು. ಮುಂದಿನದು 3212. ಬಿಸಿಲು ಏರಿತ್ತು, ವಾದ ಯಾರಿಗೆ ಬೇಕು? ಕೊನೆಯ ಎರಡನ್ನು ಮೂರು ಎಂದು ಓದಿಬಿಟ್ಟೆ. "ಒಂಬತ್ತು ಬಂತು ಅಜ್ಜಿ, ಒಳ್ಳೇದೇ."

ಅವಳು ಬೆರಳು ಮಡಿಸಲೇ ಇಲ್ಲ. "ಮುಂಚಿನ್ ಕುರಿದು ಏಳು. ನಿಮ್ ಟ್ಯಾಗು ವರಿಸೆಯಾಗೇ ಬತ್ತಾ ಐತೆ. ಏಳಾದ್ಮೇಲೆ ಒಂಬತ್ತು ಎಂಗೆ ಸಾರ್ ಬತ್ತದೆ?"

ಇಕ್ಕಳದಿಂದ ಆ ಟ್ಯಾಗನ್ನು ಬಿಡಿಸಿದೆ.

"ಅದನ್ನ ಎತ್ತಿ ಮಡಗಿ ಮುಂದಿಂದು ಆಕಿದ್ರೆ ಆಗ್ತಿತ್ತು," ಎಂದಳು. "ನಂಗೆ ಓದಕ್ಕೆ ಬರಾಕಿಲ್ಲ ಅಂತ ತಾನೆ ಸಾರ್, ನಿಮ್ ಬಾಯಲ್ಲಿ ಓದ್ಸಿದ್ದು?"

ಉಳಿದವನ್ನು ಒಂದೊಂದೇ ಅಂಕಿ ಬಿಡಿಸಿ ಓದಿದೆ. ತಲೆ ಎತ್ತಲಿಲ್ಲ.

ಬೆಟ್ಟದ ಬುಡದಲ್ಲಿ ನನ್ನ ಬೈಕು ನಿಂತಿತ್ತು. ಅದರ ನಂಬರು ಕೂಡಿದರೆ ಐದು. ಎಂಟು ಬೇಡವೆಂದು ಮೂರು ವಾರ ಕಾದು ತೆಗೆದುಕೊಂಡದ್ದು. ಹೆಂಡತಿಯ ಹಟಕ್ಕೆ ಕಾದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದೂ ಸುಳ್ಳೇ.