ಜುಟ್ಟಿಲ್ಲದ ಇನ್ನೂರು ತೆಂಗಿನಕಾಯಿ

ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ಹೊಸದಾಗಿ ತೆರೆದಿದ್ದ ಸೂಪರ್‌ಮಾರ್ಕೆಟ್ ಸರಣಿಯ ಅಂಗಡಿಯಲ್ಲಿ ನನಗೆ ತರಕಾರಿ ವಿಭಾಗ ಕೊಟ್ಟಿದ್ದರು. ವಯಸ್ಸು ಮೂವತ್ತೊಂದು, ಎದೆಯ ಮೇಲೆ ‘ಟ್ರೇನಿ’ ಎಂಬ ಬಿಲ್ಲೆ. ಆರು ತಿಂಗಳಲ್ಲಿ ಪರ್ಮನೆಂಟ್ ಆಗದಿದ್ದರೆ ಉಲ್ಹಾಸನಗರದ ನಮ್ಮ ಹೋಟೆಲಿಗೇ ಮರಳುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಹನ್ನೆರಡು ವರ್ಷ ಅಲ್ಲಿ ಚಟ್ನಿ ರುಬ್ಬಿದವನು ನಾನು. ಟೈ ಕಟ್ಟಿ ಏಸಿಯಲ್ಲಿ ನಿಲ್ಲುವ ರುಚಿ ಹತ್ತಿದ ಮೇಲೆ ಮತ್ತೆ ಆ ಹೊಗೆಗೆ ಹೋಗುವುದನ್ನು ನೆನೆದರೇ ಜೀವ ಹೋದಂತಾಗುತ್ತಿತ್ತು.

ಆರನೇ ತಿಂಗಳ ಕೊನೆಗೆ ಗಣೇಶ ಚೌತಿ ಬಂತು. ಹಬ್ಬದ ಹಿಂದಿನ ದಿನ ಏರಿಯಾ ಮ್ಯಾನೇಜರರ ತಪಾಸಣೆ. ನನ್ನ ಪರ್ಮನೆಂಟ್ ಪತ್ರಕ್ಕೆ ಸಹಿ ಹಾಕಬೇಕಾದವರೂ ಅವರೇ. ನೆಲದ ಮೇಲೆ ಕಸ ಕಂಡರೆ ಅವರಿಗೆ ಆಗುವುದಿಲ್ಲವೆಂದು ಎಲ್ಲರೂ ಹೆದರಿಸಿದ್ದರು. ಬೆಳಿಗ್ಗೆ ಬಂದು ನೋಡಿದರೆ, ಹಬ್ಬಕ್ಕೆ ತರಿಸಿದ ಇನ್ನೂರು ತೆಂಗಿನಕಾಯಿಗಳ ನಾರು ಉದುರಿ ನನ್ನ ವಿಭಾಗವೆಲ್ಲ ಗಲೀಜು. ಕೈ ಸುಮ್ಮನಿರಬೇಕಲ್ಲ. ಹೋಟೆಲಿನಲ್ಲಿ ಕಾಯಿ ಕಂಡೊಡನೆ ಜುಟ್ಟು ಕೀಳುವುದೇ ಅಭ್ಯಾಸ. ಕುಳಿತು ಇನ್ನೂರರ ಜುಟ್ಟನ್ನೂ ಕಿತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಗೋಪುರದಂತೆ ಜೋಡಿಸಿದೆ. ನನ್ನ ಮೇಲೆ ನನಗೇ ಪ್ರೀತಿ ಉಕ್ಕಿತು.

ಮೊದಲು ಬಂದವರು ಒಬ್ಬ ಮರಾಠಿ ಅಜ್ಜಿ. ಕಾಯಿಯನ್ನು ಎತ್ತಿ, ತಿರುಗಿಸಿ, ಮತ್ತೆ ತಿರುಗಿಸಿ, “ಶೇಂಡೀ ಕುಠೇ ಗೇಲೀ?” ಎಂದರು. ಜುಟ್ಟೆಲ್ಲಿ ಹೋಯಿತು ಎಂದು ಕೇಳುತ್ತಿದ್ದರು. ನನಗೆ ಆಗ ಹೊಳೆಯಿತು. ಪೂಜೆಗೆ ಬೋಳು ಕಾಯಿ ಇಡುವುದುಂಟೇ? ನಮ್ಮ ಮನೆಯಲ್ಲೂ ಇಡುವುದಿಲ್ಲ. ಆ ಬೆಳಿಗ್ಗೆ ಮಾತ್ರ ನನ್ನ ತಲೆಯಲ್ಲಿ ಕಸ ಬಿಟ್ಟರೆ ಬೇರೇನೂ ಇರಲಿಲ್ಲ. ಮಧ್ಯಾಹ್ನದವರೆಗೆ ಒಂದು ಕಾಯಿಯೂ ಹೋಗಲಿಲ್ಲ.

ಅಂಗಡಿಯ ಮ್ಯಾನೇಜರ್ ಬಂದು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. “ಕಲ್ ಗಣಪತಿ ಹೈ, ಔರ್ ತೂನೇ ಸಬ್ ಕಾ ಮುಂಡನ್ ಕರ್ ದಿಯಾ. ಪಾಂಚ್ ಬಜೇ ಸಾಹೇಬ್ ಆಯೇಂಗೇ. ತಬ್ ತಕ್ ಖಾಲೀ ಕರ್, ನಹೀಂ ತೋ ಲೆಟರ್ ಭೂಲ್ ಜಾ.” ನಾಳೆ ಗಣಪತಿ ಎನ್ನುವಾಗ ಎಲ್ಲ ಕಾಯಿಗಳ ತಲೆ ಬೋಳಿಸಿದ್ದೆನಂತೆ; ಐದಕ್ಕೆ ಸಾಹೇಬರು ಬರುವುದರೊಳಗೆ ಖಾಲಿ ಮಾಡದಿದ್ದರೆ ಪರ್ಮನೆಂಟ್ ಪತ್ರವನ್ನು ಮರೆತುಬಿಡಬೇಕಂತೆ.

ಜುಟ್ಟು ಬೇಡದ ಗಿರಾಕಿ ಎಂದರೆ ನನಗೆ ಗೊತ್ತಿದ್ದವರು ಒಬ್ಬರೇ. ಮಾನ ಮರ್ಯಾದೆ ಬದಿಗಿಟ್ಟು ಫೋನ್ ಮಾಡಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು.

“ಇಲ್ಲಿ ಹತ್ತು ಕಾಯಿಯ ಜುಟ್ಟು ಕೀಳು ಅಂದ್ರೆ ಮೋರೆ ಗಂಟು ಹಾಕ್ತಿದ್ದಿ. ಅಲ್ಲಿ ಯಾರೂ ಹೇಳದೆ ಇನ್ನೂರು ಕಿತ್ತದ್ದಾ ಮಾರಾಯ?”

ಹಬ್ಬದ ಸಮಯವಾದ್ದರಿಂದ ಕಂಪನಿಯ ನಿಯಮದಂತೆ ಒಬ್ಬರಿಗೆ ಹತ್ತೇ ಕಾಯಿ. ಅದನ್ನೂ ಹೇಳಿದೆ. ಅಪ್ಪ ಫೋನ್ ಇಟ್ಟರು. ನಾಲ್ಕೂವರೆಗೆ ನೋಡುತ್ತೇನೆ, ನಮ್ಮ ಹೋಟೆಲಿನವರು, ಅಕ್ಕಪಕ್ಕದ ಹೋಟೆಲುಗಳ ಭಟ್ಟರು, ಸಪ್ಲಾಯರುಗಳು, ಕೆಲವರು ಲುಂಗಿಯಲ್ಲೇ, ತಲೆಗೊಂದು ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದಾರೆ. ಏರಿಯಾ ಮ್ಯಾನೇಜರ್ ಒಳಗೆ ಕಾಲಿಟ್ಟಾಗ ಕೊನೆಯವರಾಗಿ ಅಪ್ಪ ಉಳಿದ ಹತ್ತು ಕಾಯಿಗಳನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ಸಾಹೇಬರ ಎದುರು ಕಂಪನಿಯ ಪಾಠ ಒಪ್ಪಿಸದೆ ವಿಧಿಯಿರಲಿಲ್ಲ.

“ಥ್ಯಾಂಕ್ಯೂ ಸರ್. ಮತ್ತೆ ಬನ್ನಿ.”

“ನಾನು ಬರ್ತೇನೆ,” ಎಂದರು ಅಪ್ಪ ಮೆಲ್ಲಗೆ. “ನೀನು ಆ ಕಡೆ ಬರ್ಬೇಡ. ಇಲ್ಲೇ ಚಂದ ಕಾಣ್ತಿ.”

ನನಗೆ ಅಳು ಬಂತು. ಟೈ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಗ್ಗಿಸಿದೆ.

ಖಾಲಿ ಕಟ್ಟೆ ಕಂಡು ಸಾಹೇಬರು ಖುಷಿಯಾದರು. ಇದು ಹೇಗಾಯಿತೆಂದು ಕೇಳಿದ್ದಕ್ಕೆ ನಮ್ಮ ಮ್ಯಾನೇಜರ್ ಕಣ್ಣು ಮಿಟುಕಿಸದೆ, ಜನರಿಗೆ ಈಗ ಜುಟ್ಟು ತೆಗೆದ ಸ್ವಚ್ಛ ಕಾಯಿಯೇ ಬೇಕು ಎಂದುಬಿಟ್ಟ. ಸಾಹೇಬರು ಅದನ್ನು ಬರೆದುಕೊಂಡರು.

ಎರಡು ವಾರಕ್ಕೆ ಪರ್ಮನೆಂಟ್ ಪತ್ರ ಬಂತು, ಜೊತೆಯಲ್ಲೇ ವರ್ಗಾವಣೆಯ ಆದೇಶವೂ. ಟಿಟ್ವಾಳಾದ ಹೊಸ ಶಾಖೆಗೆ ಹೋಗಿ ಅಲ್ಲಿಯ ಕೆಲಸಗಾರರಿಗೆ ತೆಂಗಿನಕಾಯಿಯ ಜುಟ್ಟು ತೆಗೆಯುವ ತರಬೇತಿ ಕೊಡಬೇಕಂತೆ. ಆ ಊರಿಗೆ ಜನ ರೈಲು ಹತ್ತಿ ಬರುವುದೇ ಅಲ್ಲಿಯ ಗುಡಿಯ ಗಣಪತಿಗೆ ಕಾಯಿ ಒಡೆಸಲು.