ರ‍್ಯಾಮ್ ಬಿಚ್ಚಿದ ಮೇಲೆ ಕೇಳಿಸಿದ ದನಿ

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ನಾನು ರಾಣೆಬೆನ್ನೂರಿನಲ್ಲಿ ಹತ್ತೊಂಬತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಸ್ಕ್ರೂ ಬಿಚ್ಚಿ ಒಳಗೆ ನೋಡುವವನಿಗೆ ದೆವ್ವ ಭೂತದ ಮೇಲೆ ನಂಬಿಕೆ ಬರುವುದು ಕಷ್ಟ. ಧೂಳು, ಹಲ್ಲಿಯ ಮೊಟ್ಟೆ, ಇಲಿ ಕಡಿದ ವೈರು… ಒಳಗಿರುವುದು ಇಷ್ಟೇ. ಆದರೆ ಬ್ಯಾಡಗಿಯಲ್ಲಿ ಆ ರಾತ್ರಿ ನಾನು ಕೇಳಿದ್ದು ಈ ಎರಡು ಕಿವಿಗಳಿಂದ. ಕುಡಿದಿರಲಿಲ್ಲ, ಜ್ವರವಿರಲಿಲ್ಲ, ನಿದ್ದೆಗಣ್ಣೂ ಇರಲಿಲ್ಲ.

ಕರೆದವರು ಚನ್ನವೀರಪ್ಪ. ಬ್ಯಾಡಗಿಯಲ್ಲಿ ಮೆಣಸಿನಪುಡಿ ಗಿರಣಿ, ಗಿರಣಿಯ ಹಿಂದೆಯೇ ಮನೆ. ಅವರ ಹೆಂಡತಿ ಸುಮಂಗಲಾ ಪ್ರಾಥಮಿಕ ಶಾಲೆಯ ಟೀಚರ್. ಕೊರೊನಾ ಸಮಯದಲ್ಲಿ ಶಾಲೆ ಮುಚ್ಚಿದಾಗ ಮನೆಯ ಕಂಪ್ಯೂಟರಿನಲ್ಲೇ ಪಾಠ ರೆಕಾರ್ಡ್ ಮಾಡಿ ಮಕ್ಕಳಿಗೆ ಕಳಿಸುತ್ತಿದ್ದರಂತೆ. ಆಮೇಲೆ ಆ ರೋಗ ಅವರನ್ನೂ ಒಯ್ದಿತು. ಮಗಳು ಅಕ್ಷತಾಗೆ ಆಗ ಒಂದೂವರೆ ವರ್ಷ.

ಸುಮಂಗಲಾ ಅವರ ಮೊಬೈಲು ಆಸ್ಪತ್ರೆಯಲ್ಲೇ ಕಳೆದುಹೋಗಿತ್ತು. ಶಾಲೆಯ ಮಕ್ಕಳ ಮೊಬೈಲಿಗೆ ಹೋಗಿದ್ದ ಪಾಠಗಳು ಎಂದೋ ಅಳಿಸಿದ್ದವು. ಉಳಿದದ್ದು ಈ ಒಂದು ಕಂಪ್ಯೂಟರ್. ಚನ್ನವೀರಪ್ಪ ವರ್ಷಗಟ್ಟಲೆ ಅದಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದರು. ಕೇಳುವ ಧೈರ್ಯ ಇರಲಿಲ್ಲ. ಈಗ ಮಗಳೇ ಬೆನ್ನು ಹತ್ತಿದ್ದಳು… ಅವ್ವನ ದನಿ ಹೆಂಗಿತ್ತು ಅಂತ.

"ಅಣ್ಣಾರ, ಪಾಠ ಹಚ್ಚಿದ ಕೂಡ್ಲೇ ಪರದೆ ನೀಲಿ ಆಗಿ ಬಂದ್ ಆಕೈತ್ರಿ" ಎಂದಿದ್ದರು ಫೋನಿನಲ್ಲಿ. "ಒಮ್ಮೊಮ್ಮೆ ಏನೂ ಮಾಡದ ಸುಮ್ನ ಬಿಟ್ರೂ ಆಕೈತಿ. ಇಲ್ಲಿಯಾವ್ರು ಇಬ್ಬರು ನೋಡಿ ಕೈ ಬಿಟ್ಟಾರ."

ಗಿರಣಿ ನಡೆಯುವಾಗ ಕರೆಂಟು ಏರಿಳಿಯುತ್ತದೆ, ಅದರಿಂದಲೂ ಹೀಗಾಗಬಹುದು. ಅದಕ್ಕೇ ಗಿರಣಿ ನಿಲ್ಲಿಸಿದ ಮೇಲೆ, ರಾತ್ರಿ ಎಂಟರ ಹೊತ್ತಿಗೆ ಹೋದೆ. ಅಂಗಳಕ್ಕೆ ಕಾಲಿಡುತ್ತಲೇ ಖಾರದ ಘಾಟು ಮೂಗಿಗೆ ಹತ್ತಿತು. ಮೂರು ಸಲ ಸೀನಿದೆ. ಬಾಗಿಲಲ್ಲಿ ನಿಂತಿದ್ದ ಅಕ್ಷತಾ ನಕ್ಕಳು.

"ಅಂಕಲ್, ಇವತ್ತ ಅವ್ವ ಮಾತಾಡ್ತಾಳೇನ್ರಿ?"

"ಮಾತಾಡ್ಸೂಣಂತ" ಎಂದೆ. ಹಾಗೆ ಹೇಳಬಾರದಿತ್ತು.

ಕಂಪ್ಯೂಟರ್ ಚಾಲೂ ಮಾಡಿ ಮೊದಲ ಪಾಠ ಹಚ್ಚಿದೆ. ಸ್ಪೀಕರಿನಲ್ಲಿ ಕುರ್ಚಿ ಎಳೆದ ಸದ್ದು. ಯಾರೋ ಗಂಟಲು ಸರಿಮಾಡಿಕೊಂಡರು. "ಮಕ್ಕ…" ಅಷ್ಟೇ. ಪರದೆ ನೀಲಿಯಾಯಿತು.

ಅಕ್ಷತಾ ತಂದೆಯ ಮೊಣಕಾಲು ಹಿಡಿದುಕೊಂಡಳು. "ಮತ್ತ ಹಚ್ರಿ!"

ಮತ್ತೆ ಹಚ್ಚಿದೆ. "ಮಕ್…" ಬಂದ್. ಒಂದು ಸಲ ಮೆಮೊರಿಯ ದೋಷ ಎಂದು ತೋರಿಸಿತು. ಇನ್ನೊಂದು ಸಲ ಸದ್ದು ನಡೆಸುವ ಸೌಂಡ್ ಡ್ರೈವರ್ ಸಾಫ್ಟ್‌ವೇರಿನ ಹೆಸರು. ಮೂರನೆಯ ಸಲ ಬೇರೆಯೇ. ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಕೆಟ್ಟಾಗ ಹೀಗೆ ಆಗುವುದುಂಟು, ಒಂದೊಂದು ಸಲ ಒಂದೊಂದು ಸುಳ್ಳು ಹೇಳುತ್ತದೆ.

ಮೊದಲು ಪಾಠಗಳನ್ನು ಬೇರೆ ಕಡೆ ಉಳಿಸೋಣವೆಂದು ಕಾಪಿಗೆ ಹಾಕಿದೆ. ಅರ್ಧ ನಿಮಿಷಕ್ಕೆ ನಿಂತಿತು. ಹಾರ್ಡ್ ಡಿಸ್ಕ್ ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ನಿಲ್ಲದ ನನ್ನ ಲ್ಯಾಪ್‌ಟಾಪು ಆ ಫೋಲ್ಡರ್ ತೆರೆದದ್ದೇ ಕಲ್ಲಿನಂತೆ ನಿಂತುಬಿಟ್ಟಿತು…

ಆಗಲೇ ಎದ್ದು, ಡಿಸ್ಕನ್ನು ಹಾಗೇ ಹುಬ್ಬಳ್ಳಿಗೆ, ಕೆಟ್ಟ ಡಿಸ್ಕಿನಿಂದ ಫೈಲು ತೆಗೆದುಕೊಡುವವರ ಹತ್ತಿರ ಒಯ್ಯಬೇಕಿತ್ತು. ಕಲಿತವನು ಯಾರೇ ಆಗಲಿ ಅದನ್ನೇ ಮಾಡುತ್ತಿದ್ದ. ಆದರೆ ಎದುರಿಗೆ ಆ ಹುಡುಗಿ ಕಣ್ಣು ಮಿಟುಕಿಸದೆ ಕೂತಿದ್ದಳು. ಡಿಸ್ಕನ್ನು ಮತ್ತೆ ಕಂಪ್ಯೂಟರ್ ಪೆಟ್ಟಿಗೆಯೊಳಗೆ ಕೂರಿಸಿದೆ.

ಎರಡೂ ರ‍್ಯಾಮ್ ಪಟ್ಟಿಗಳನ್ನು ಕಿತ್ತೆ. ಅವುಗಳ ಬಂಗಾರದ ಬಣ್ಣದ ಅಂಚಿಗೆ ಕಿಲುಬು ಹತ್ತಿದರೆ ರಬ್ಬರಿನಿಂದ ತಿಕ್ಕುತ್ತೇವೆ. "ರಬ್ಬರ್ ಐತೇನವಾ?" ಎಂದೆ. ಓಡಿಹೋಗಿ ಕಂಪಾಸ್ ಪೆಟ್ಟಿಗೆಯಿಂದ ಸ್ಟ್ರಾಬೆರಿ ವಾಸನೆಯ ರಬ್ಬರ್ ತಂದುಕೊಟ್ಟಳು. ತಿಕ್ಕಿ ಒಂದೊಂದನ್ನೇ ಹಾಕಿ ನೋಡಿದೆ. ನಾನು ತಂದಿದ್ದ ಹೊಸದನ್ನೂ ಹಾಕಿದೆ. ಸೌಂಡ್ ಡ್ರೈವರ್ ತೆಗೆದು ಹಳೆಯದನ್ನು ಕೂರಿಸಿದೆ. ಪ್ರತಿ ಸಲ ಅದೇ… "ಮಕ್ಕ…" ನೀಲಿ. "ಮಕ್ಕ…" ನೀಲಿ. ಎಷ್ಟು ಸಲವೋ ಲೆಕ್ಕ ಇಡಲಿಲ್ಲ.

ಹತ್ತು ದಾಟಿತು. ಅಕ್ಷತಾ ಕೂತಲ್ಲೇ ತೂಕಡಿಸಿದಳು. ಚನ್ನವೀರಪ್ಪ ಎತ್ತಿಕೊಂಡು ಹೋಗಿ ಒಳಕೋಣೆಯಲ್ಲಿ ಮಲಗಿಸಿ ಬಂದರು.

"ಆಗೂದಿಲ್ಲ ಅಲ್ರಿ ಇದು?" ಎಂದರು ಮೆಲ್ಲಗೆ.

"ಕಡೀಕ ಒಂದ ನೋಡ್ತೀನ್ರಿ. ಮದರ್‌ಬೋರ್ಡ್ ಕೆಟ್ಟೈತೋ ಏನೋ."

ಅದಕ್ಕೊಂದು ಸರಳ ಪರೀಕ್ಷೆ ಇದೆ. ರ‍್ಯಾಮ್ ಎಲ್ಲಾ ಬಿಚ್ಚಿ ಚಾಲೂ ಮಾಡಬೇಕು. ಬೋರ್ಡ್ ಸರಿ ಇದ್ದರೆ ಉದ್ದಕ್ಕೆ ಮೂರು ಬೀಪ್ ಕೊಡುತ್ತದೆ. ಆ ಸದ್ದು ಬರುವುದು ಪೆಟ್ಟಿಗೆಯ ಒಳಗಿನ ಒಂದು ಚಿಕ್ಕ ಸ್ಪೀಕರಿನಿಂದ, ಹೆಚ್ಚೆಂದರೆ ಶರ್ಟಿನ ಗುಂಡಿಯಷ್ಟು ದೊಡ್ಡದು. ಅದಕ್ಕೆ ಬೀಪ್ ಬಿಟ್ಟು ಬೇರೇನೂ ಬಾರದು. ರ‍್ಯಾಮ್ ಇಲ್ಲದ ಕಂಪ್ಯೂಟರಿಗೆ ವಿಂಡೋಸ್ ಇಲ್ಲ, ಫೈಲಿಲ್ಲ, ಹಾಡಿಲ್ಲ. ಡಿಸ್ಕಿನಲ್ಲಿ ಏನಿದೆ ಎಂದು ಓದಲೂ ಆಗದು.

ಎರಡೂ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ದೊಡ್ಡ ಸ್ಪೀಕರಿನ ವೈರು ಕಿತ್ತೆ. ಬಟನ್ ಒತ್ತಿದೆ.

ಫ್ಯಾನ್ ತಿರುಗಿತು. ಬೀಪ್ ಬರಲಿಲ್ಲ.

ಒಂದು ಸಣ್ಣ ಕರಕರ… ಮುಚ್ಚಿದ ಬಾಗಿಲಿನ ಆಚೆಯಿಂದ ಮಾತಾಡಿದಂತೆ ಒಂದು ಹೆಣ್ಣುದನಿ.

"ಲೈಟ್ ಬಂದ್ ಮಾಡ್ರಿ… ಪಾಪು ಮಲ್ಕೊಂಡೈತಿ."

ನನ್ನ ಕೈ ಪೆಟ್ಟಿಗೆಯ ಮೇಲೆಯೇ ಇತ್ತು. ತಗಡು ನಡುಗಿದ್ದು ಬೆರಳಿಗೆ ತಿಳಿಯಿತು.

ಚನ್ನವೀರಪ್ಪ ಬೆಚ್ಚಲಿಲ್ಲ. ಅದೇ ನನ್ನನ್ನು ಇನ್ನೂ ಹೆದರಿಸಿದ್ದು. ದಿನಾ ಕೇಳುವ ಮಾತು ಎಂಬಂತೆ "ಹ್ಞೂಂ… ಮಾಡ್ದೆ, ಮಾಡ್ದೆ" ಎನ್ನುತ್ತಾ ಎದ್ದು ಹೋಗಿ ಸ್ವಿಚ್ ಆರಿಸಿಬಿಟ್ಟರು!

ಕತ್ತಲು. ಪೆಟ್ಟಿಗೆಯ ಹಸಿರು ದೀಪ ಒಂದೇ. ಖಾರದ ಘಾಟು ಇದ್ದಕ್ಕಿದ್ದಂತೆ ಇಲ್ಲವಾಯಿತು. ಅದರ ಜಾಗದಲ್ಲಿ ನೀಲಗಿರಿ ಎಣ್ಣೆಯ ವಾಸನೆ, ಬಿಸಿ ಆವಿಯ ಜೊತೆ… ಎದೆ ಕಟ್ಟಿದವರಿಗೆ ಪಾತ್ರೆಯಲ್ಲಿ ಹಾಕಿ ಕೊಡುತ್ತಾರಲ್ಲ, ಅದು. ಮತ್ತೆ ಉಸಿರು. ಎಳೆದು, ಎಳೆದು ತೆಗೆದುಕೊಳ್ಳುವ ಉಸಿರು.

ನಾನು ತಡಕಾಡಿ ಪ್ಲಗ್ ಕಿತ್ತೆ. ಹಸಿರು ದೀಪ ಆರಿತು. ಫ್ಯಾನ್ ನಿಂತಿತು. ಪ್ಲಗ್ ನನ್ನ ಕೈಯಲ್ಲೇ ಇತ್ತು…

ಉಸಿರು ಮಾತ್ರ ಇನ್ನೂ ಕೇಳುತ್ತಿತ್ತು.

ಎಷ್ಟು ಹೊತ್ತೋ ಗೊತ್ತಿಲ್ಲ. ಕಡೆಗೆ ಅದೂ ನಿಂತಿತು. ನಾನೇ ಗೋಡೆ ಸವರುತ್ತಾ ಹೋಗಿ ಲೈಟ್ ಹಾಕಿದೆ. ಚನ್ನವೀರಪ್ಪ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದರು. ಮುಖವೆಲ್ಲ ಒದ್ದೆ. ಒಳಕೋಣೆಯಲ್ಲಿ ಮಗು ಮಗ್ಗುಲು ಬದಲಿಸದೆ ಮಲಗಿತ್ತು. ಯಾರಿಗಾಗಿ ಇಷ್ಟೆಲ್ಲ ಮಾಡಿದೆವೋ ಅವಳಿಗೇ ಏನೂ ಕೇಳಿಸಿರಲಿಲ್ಲ.

"ನೀವೂ ಕೇಳಿದ್ರಿ ಹೌದಿಲ್ರಿ, ಅಣ್ಣಾರ?"

ಹೌದು ಎಂದರೆ ಈ ಮನುಷ್ಯ ಇನ್ನು ಈ ಪೆಟ್ಟಿಗೆಯ ಮುಂದಿನಿಂದ ಏಳುವುದಿಲ್ಲ ಅನ್ನಿಸಿತು. ಹಾಗನ್ನಿಸಿತು ಎಂದು ಈಗ ಹೇಳಿಕೊಳ್ಳುತ್ತೇನೆ. ಖರೆ ಹೇಳಬೇಕೆಂದರೆ ಹೆದರಿಕೆ. ಕೇಳಿಲ್ಲ ಎಂದರೆ ಅದು ನನಗೆ ಆಗಿಯೇ ಇಲ್ಲ ಎಂಬ ಹೆದರಿಕೆಯ ಲೆಕ್ಕಾಚಾರ.

"ಏನ್ರಿ? ನನಗೇನೂ ಕೇಳ್ಲಿಲ್ರಿ. ಬೀಪ್ ಅಷ್ಟ ಬಂತು."

ಅವರು ನನ್ನನ್ನೇ ನೋಡಿದರು.

ರ‍್ಯಾಮ್ ಮತ್ತೆ ಹಾಕಿ ಚಾಲೂ ಮಾಡಿದಾಗ ಕಂಪ್ಯೂಟರಿಗೆ ಡಿಸ್ಕ್ ಕಾಣಿಸಲೇ ಇಲ್ಲ. ಟಿಕ್… ಟಿಕ್… ಎಂದು ಒಳಗೆ ಬಡಿದುಕೊಳ್ಳುತ್ತಿತ್ತು. ಮರುದಿನ ಹುಬ್ಬಳ್ಳಿಗೆ ಕಳಿಸಿದೆ. ಮೂರು ವಾರದ ಮೇಲೆ ವಾಪಸ್ ಬಂತು. ಒಳಗಿನ ತಟ್ಟೆಗಳ ಮೇಲೆ ಗೀರುಗಳು ಬಿದ್ದಿವೆ, ಒಂದು ಫೈಲೂ ಸಿಗುವುದಿಲ್ಲ ಎಂದರು. ಅಷ್ಟು ಸಲ ಚಾಲೂ ಮಾಡಿ ಅದರ ಜೀವ ತೆಗೆದವನು ನಾನೇ ಇರಬೇಕು. ಆ ಹುಡುಗಿಯ ಪಾಲಿಗೆ ತಾಯಿಯ ದನಿ ಎಂದರೆ ಇನ್ನು ಜೀವನಪೂರ್ತಿ ಎರಡೇ ಅಕ್ಷರ.

ರೇಡಿಯೋ ಹಿಡಿದಿರಬಹುದು ಎಂದುಕೊಂಡೆ. ಕೆಲವು ಸಲ ಸ್ಪೀಕರಿನ ವೈರು ಆಂಟೆನಾ ಆಗುತ್ತದೆ. ಪಕ್ಕದ ಮನೆಯ ಮಾತಿರಬಹುದು ಎಂದುಕೊಂಡೆ. ಆದರೆ ಆ ಮನೆಗೆ ಒಂದು ಕಡೆ ಗಿರಣಿ, ಉಳಿದ ಮೂರು ಕಡೆ ಖಾಲಿ ಗೋದಾಮು.

ಎರಡು ತಿಂಗಳ ಮೇಲೆ ಹಾವೇರಿಯಿಂದ ಬರುವಾಗ ತಡೆಯಲಾಗದೆ ಅವರ ಮನೆಗೆ ಹೋದೆ. ಅಕ್ಷತಾ ಇರಲಿಲ್ಲ. ಸುಮಂಗಲಾ ಅವರ ಅಣ್ಣ ಬಂದು ಹಾವೇರಿಗೆ ಕರೆದುಕೊಂಡು ಹೋಗಿದ್ದರು. ಹೆಣ್ಣುಮಗಳು ಇಂಥವನ ಹತ್ತಿರ ಇರಬಾರದು ಎಂದು.

"ಹುಚ್ಚ ಹಿಡದೈತಿ ಅಂದ್ರು. ದಿನಾ ಗಿರಣಿ ಬಂದ್ ಮಾಡಿ ಇದರ ಮುಂದ ಕುಂದರ್ತೀನಿ ಅಂತ" ಎಂದರು ಚನ್ನವೀರಪ್ಪ. ಗಡ್ಡ ಬೆಳೆದಿತ್ತು. ಪೆಟ್ಟಿಗೆಯ ಒಂದು ಮಗ್ಗುಲು ಬಿಚ್ಚಿಯೇ ಇತ್ತು. ಒಳಗೆ ರ‍್ಯಾಮ್ ಇರಲಿಲ್ಲ. "ಅಣ್ಣಾರ, ನೀವೊಂದ ಮಾತ ಅವರಿಗೆ ಹೇಳಿದ್ರ ಸಾಕ್ರಿ. ನಾನೂ ಕೇಳೀನಿ ಅಂತ. ನನ್ನ ಮಗಳನ್ನ ವಾಪಸ್ ಕಳಿಸ್ತಾರ."

ಹೇಳಿದರೂ ಆ ಮನೆಯವರು ಹುಡುಗಿಯನ್ನು ಕಳಿಸುತ್ತಿದ್ದರೋ, ಇನ್ನೂ ದೂರ ಒಯ್ಯುತ್ತಿದ್ದರೋ, ತಿಳಿಯದು. ಚಹಾ ಬೇಡವೆಂದು ಎದ್ದು ಬಂದೆ.

ಈಗಲೂ ರಾತ್ರಿ ಒಮ್ಮೊಮ್ಮೆ ಅವರ ಕರೆ ಬರುತ್ತದೆ. ನಿನ್ನೆಯೂ ಬಂತು. ಹಾಸಿಗೆಯ ಪಕ್ಕದಲ್ಲಿ ಮೊಬೈಲು ಬಹಳ ಹೊತ್ತು ಬಡಿದುಕೊಂಡಿತು.

"ಯಾರದು ಇಷ್ಟೊತ್ತಿನ್ಯಾಗ?" ಎಂದಳು ಹೆಂಡತಿ.

"ರಾಂಗ್ ನಂಬರ್" ಎಂದೆ.