ಖಾಲಿ ಜಾಗಕ್ಕೊಂದು ಗೀಟು

"ಆಗೋ ಮಾತಲ್ಲ ಬುಡು" ಎಂದವನು ನನ್ನ ದೊಡ್ಡಪ್ಪ. ಕುರಿ ಕಾಯುವವರ ಮನೆಯ ಹುಡುಗಿ ಡಿಗ್ರಿ ಮಾಡುತ್ತಾಳಂತೆ ಎಂದು ನಕ್ಕವರು ಊರಲ್ಲಿ ಬೇಕಾದಷ್ಟಿದ್ದರು. ನಗದೆ, ಮಗ್ಗದ ಮುಂದೆ ಕೂತು, ಕಾರಣ ಕೊಟ್ಟು ಆಗದು ಎಂದವನು ಅವನೊಬ್ಬನೇ. "ಸರ್ಕಾರದೋರು ಸುಮ್ನೆ ಓದಿಸ್ತಾರೆ ಅಂದ್ರೆ ನಂಬ್ತೀಯಾ? ಸುಮ್ನೆ ಕೊಡೋನು ಯಾಕೆ ಕೊಡ್ತಾನೆ ಅಂತ ಮೊದ್ಲು ಕೇಳು."

ಹೋದ ವಾರ ಗೋಡೆಯಿಂದ ನೀರು ಇಳಿದು ಹಳೆಯ ಟ್ರಂಕು ಒದ್ದೆಯಾಯಿತು. ಒಳಗಿದ್ದ ಕಂಬಳಿಯನ್ನು ತೆಗೆದು ಬಿಸಿಲಿಗೆ ಹರವಿದೆ. ಸ್ವಲ್ಪ ಹೊತ್ತಿಗೆ ಆ ವಾಸನೆ ಎದ್ದಿತು. ಕಂಬಳಿ ಬಿರುಸಾಗಲೆಂದು ದೊಡ್ಡಪ್ಪ ಹುಣಸೆಬೀಜ ಹುರಿದು, ಅರೆದು, ಗಂಜಿ ಕಾಯಿಸಿ ಉಣ್ಣೆಗೆ ಬಳಿಯುತ್ತಿದ್ದ. ಹುಳಿಯೂ ಅಲ್ಲದ, ಸುಟ್ಟಿದ್ದೂ ಅಲ್ಲದ ಒಂದು ವಾಸನೆ... ನಲವತ್ತು ವರ್ಷವಾದರೂ ಅದು ಕಂಬಳಿ ಬಿಟ್ಟು ಹೋಗಿಲ್ಲ.

ನಮ್ಮ ಊರು ಕೊರಟಗೆರೆ ತಾಲ್ಲೂಕಿನಲ್ಲಿ, ಕೊಳಾಲದ ಕಡೆ. ಅಪ್ಪ ವರ್ಷದಲ್ಲಿ ಏಳೆಂಟು ತಿಂಗಳು ಕುರಿ ಹೊಡೆದುಕೊಂಡು ಪಾವಗಡ ದಾಟಿ ಆಂಧ್ರದ ಕಡೆ ಹೋಗಿಬಿಡುತ್ತಿದ್ದ. ಮನೆಗೆ ಹಿರಿಯ ಎಂದರೆ ದೊಡ್ಡಪ್ಪನೇ. ಅವನ ಇಬ್ಬರು ಹುಡುಗರು ಮತ್ತು ನಾನು, ಮೂವರೂ ಅವನ ಕೈಯಲ್ಲೇ ಬೆಳೆದೆವು. ಬೇರೆ ಮನೆಗಳಲ್ಲಿ ಮಕ್ಕಳಿಗೆ ಕಥೆ ಹೇಳುತ್ತಿದ್ದರೆ, ಅವನು ನಮಗೆ ಅನುಮಾನ ಪಡುವುದನ್ನು ಕಲಿಸುತ್ತಿದ್ದ.

ಅದು ಎಮರ್ಜೆನ್ಸಿ ಕಾಲ. ಜೀಪು ಬಂದರೆ ಗಂಡಸರನ್ನು ಸಂತಾನಹರಣದ ಆಪರೇಷನ್ನಿಗೆ ಎತ್ತಿಕೊಂಡು ಹೋಗುತ್ತಾರೆ ಎಂಬ ಸುದ್ದಿ ಸಂತೆಯಿಂದ ಸಂತೆಗೆ ಓಡಾಡುತ್ತಿತ್ತು. ಪ್ಯಾಂಟು ಹಾಕಿದವನು ಯಾರೇ ಬಂದು ಕೇಳಿದರೂ ಏನು ಹೇಳಬೇಕು ಎಂದು ದೊಡ್ಡಪ್ಪ ನಮಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದ.

"ಕುರಿ ಎಷ್ಟವೆ?"

"ನಮ್ಮವಲ್ಲ. ಮೇಯಕ್ಕೆ ಬಂದವೆ."

"ನಿಮ್ಮಪ್ಪನ ಹೆಸರೇನು?"

ನಾವು ಮೂವರೂ ಒಟ್ಟಿಗೆ ತಾತನ ಹೆಸರು ಹೇಳಬೇಕಿತ್ತು. ತಾತ ನಾನು ಹುಟ್ಟುವ ಮೊದಲೇ ಸತ್ತಿದ್ದ. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ ದೊಡ್ಡಪ್ಪ, "ಸತ್ತೋನ್ನ ಜೀಪಲ್ಲಿ ಕೂರಿಸ್ಕೊಂಡು ಹೋಗಕ್ಕಾಯ್ತದಾ?" ಎಂದಿದ್ದ.

ಒಂದು ದಿನ ಪ್ಯಾಂಟು ಹಾಕಿದವನೊಬ್ಬ ಕೈಯಲ್ಲಿ ದಪ್ಪ ಪುಸ್ತಕ ಹಿಡಿದು ಬಂದೇಬಿಟ್ಟ. ನಾವು ಪಾಠ ಒಪ್ಪಿಸಿದೆವು. ಅವನು ಬರೆದುಕೊಂಡು ಹೋದ. ಅವರು ಊರ ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟ್ರು, ಮಕ್ಕಳನ್ನು ಸೇರಿಸಿಕೊಳ್ಳಲು ಬಂದಿದ್ದರು ಎಂದು ಗೊತ್ತಾದದ್ದು ಮಾರನೇ ದಿನ. ಅವ್ವ ಹಟ ಹಿಡಿದು ನನ್ನನ್ನು ಕಳಿಸಿದಳು. ತಾತನ ಮಗಳಾಗಿಯೇ ನಾನು ರಿಜಿಸ್ಟರಿನಲ್ಲಿ ಉಳಿದೆ. ದೊಡ್ಡಪ್ಪನಿಗೆ ಅದೊಂದು ತಮಾಷೆಯಾಯಿತು. "ಏನಮ್ಮ ತಂಗಿ, ಅಣ್ಣನಿಗೊಂದು ಚೊಂಬು ನೀರು ಕೊಡು" ಎನ್ನುತ್ತಿದ್ದ.

ಶಾಲೆಯಲ್ಲಿ ಮಧ್ಯಾಹ್ನ ಉಪ್ಪಿಟ್ಟು ಕೊಡುತ್ತಿದ್ದರು. ಬಂಜೆ ಮಾಡುವ ಮದ್ದು ಅದರಲ್ಲಿ ಬೆರೆಸಿದ್ದಾರೆ ಎಂದು ಅವನ ಗುಮಾನಿ. ತಿನ್ನಬೇಡ, ಮನೆಗೆ ತಾ ಎಂದ. ತಂದಿದ್ದನ್ನು ದಿನಾ ಟಗರಿಗೆ ತಿನ್ನಿಸಿದ. ಆ ಟಗರು ಹತ್ತಿದ ಕುರಿಗಳು ಗಬ್ಬವಾಗಿ ಮರಿ ಹಾಕುವ ತನಕ ಕಾದ. ಅಷ್ಟು ತಿಂಗಳೂ ನಾನು ಬೇರೆ ಮಕ್ಕಳು ತಿನ್ನುವುದನ್ನು ನೋಡುತ್ತಾ ಕೂತಿದ್ದೆ. ಮೊದಲ ಮರಿ ಎದ್ದು ನಿಂತ ದಿನ, "ಟಗರಿಗೇನೂ ಆಗಿಲ್ಲ. ಇನ್ಮೇಲೆ ನೀನೂ ತಿನ್ಬೌದು" ಎಂದ. ಟಗರಂತೂ ನನಗಿಂತ ದಪ್ಪಗಾಗಿತ್ತು.

ಇದನ್ನೆಲ್ಲ ಮೂರ್ಖತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವನ ಅನುಮಾನಕ್ಕೊಂದು ಬೇರು ಇತ್ತು. ತಾತನ ಹತ್ತಿರ ಯಾರೋ ಬಾವಿ ತೋಡಿಸಿಕೊಡುತ್ತೇವೆ ಎಂದು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಬಾವಿ ಬರಲಿಲ್ಲ, ತಗ್ಗಿನ ಹೊಲ ಹೋಯಿತು. ಹೆಬ್ಬೆಟ್ಟಿನ ಮೇಲೆ ಖಾಲಿ ಇದ್ದ ಜಾಗದಲ್ಲಿ ಆಮೇಲೆ ಬರೆದುಕೊಂಡರಂತೆ. ಅಂದಿನಿಂದ ದೊಡ್ಡಪ್ಪ ತನ್ನ ಹೆಬ್ಬೆರಳನ್ನು ಯಾವ ಮಸಿಗೂ ತಾಗಿಸಿರಲಿಲ್ಲ. ರೇಷನ್ ಕಾರ್ಡು ದೊಡ್ಡವ್ವನ ಹೆಸರಿನಲ್ಲಿತ್ತು. ಓಟಿನ ದಿನ ಬೇಕೆಂದೇ ಕುರಿ ಹೊಡೆದುಕೊಂಡು ಗುಡ್ಡ ಹತ್ತುತ್ತಿದ್ದ.

ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಆ ಹಳೆಯ ಸುಳ್ಳು ತಿರುಗಿ ಬಂತು. ಪಿಯುಸಿ ಓದಲು ಮಧುಗಿರಿಗೆ ಹೋಗಬೇಕು. ಹಾಸ್ಟೆಲಿನಲ್ಲಿ ಸೀಟು ಸಿಗದಿದ್ದರೆ ಓದು ಅಲ್ಲಿಗೆ ಮುಗಿಯಿತು. ಶಿರಾದ ಕಡೆಯಿಂದ ಒಂದು ಸಂಬಂಧವೂ ಬಂದು ಕೂತಿತ್ತು. ಜಾತಿ, ಆದಾಯದ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು, ಶಾಲೆಯ ಕಾಗದದಲ್ಲಿ ತಾತನ ಹೆಸರು. ಅರ್ಜಿ ಹಾಕಲು ಉಳಿದದ್ದು ಆರು ದಿನ. ಅಪ್ಪ ಎಲ್ಲಿ ಕುರಿ ಮೇಯಿಸುತ್ತಿದ್ದಾನೋ ಗೊತ್ತಿಲ್ಲ. ತಾಲ್ಲೂಕು ಕಛೇರಿಯಲ್ಲಿದ್ದ ಗುಮಾಸ್ತರು ಎಲ್ಲ ಕೇಳಿ, "ತಪ್ಪು ಹೇಳಿಕೊಟ್ಟ ಹಿರಿಯರು ಯಾರೋ ಅವರೇ ಬಂದು ಹೇಳಿಕೆ ಬರೆಸಿ ಹೆಬ್ಬೆಟ್ಟು ಒತ್ತಲಿ" ಎಂದರು.

ಮನೆಗೆ ಬಂದು ಹೇಳಿದೆ. ದೊಡ್ಡಪ್ಪ ಮಗ್ಗ ನಿಲ್ಲಿಸಲಿಲ್ಲ. ನನಗೆ ಅವನ ಮೇಲೆಯೇ ಅನುಮಾನ ಬಂತು. ಓದು ನಿಲ್ಲಲಿ ಎಂದೇ ಸುಮ್ಮನಿದ್ದಾನೆ, ಹೆಣ್ಣು ಮನೆಯಲ್ಲಿದ್ದರೆ ಉಣ್ಣೆ ನೂಲಲು ಒಂದು ಕೈ ಆಯಿತು ಎಂದುಕೊಂಡಿದ್ದಾನೆ... ಅವ್ವನ ಎದುರು ಹಾಗೆಂದು ಬಾಯಿಬಿಟ್ಟೂ ಹೇಳಿದೆ. ಅವನಿಗೆ ಕೇಳಿಸಿರಬೇಕು. ಎರಡು ದಿನ ಮಗ್ಗ ಬಿಟ್ಟು ಏಳಲಿಲ್ಲ.

ಮೂರನೇ ದಿನ ಬೆಳಿಗ್ಗೆ, "ನಡಿ" ಎಂದ.

ಮೇ ತಿಂಗಳ ಬಿಸಿಲು. ಅವನು ಹೆಗಲ ಮೇಲೆ ಹೊಸ ಕಂಬಳಿ ಹೊದ್ದಿದ್ದ, ಕೈಯಲ್ಲಿ ಬಟ್ಟೆಯ ಗಂಟು. ಬಸ್ಸಿನಲ್ಲಿ ಜನ ನೋಡಿ ನಕ್ಕರು. ದಾರಿಯಲ್ಲೇ ಎಲ್ಲಾದರೂ ಇಳಿದು ಕಂಬಳಿ ಮಾರಲು ಹೋಗುತ್ತಾನೇನೋ ಎಂದು ನಾನು ಅವನ ಪಂಚೆಯ ಚುಂಗು ಹಿಡಿದೇ ಕೂತಿದ್ದೆ. ಕಡೆಗೆ ತಡೆಯದೆ ಕೇಳಿದೆ. "ದೊಡ್ಡಪ್ಪ, ಈ ಸೆಕೇಲಿ ಕಂಬಳಿ ಯಾಕೆ?"

"ಸುಳ್ಳು ಹೇಳಿಕೊಟ್ಟೆ ಅಂತ ಬರ್ಕೊಟ್ರೆ ಒಳಗಾಕ್ದೆ ಬುಡ್ತಾರಾ? ಅಲ್ಲಿ ಹಾಸ್ಕಳಕ್ಕೆ ಏನು ಕೊಡ್ತಾರೋ ಏನೋ" ಎಂದ. ಗಂಟಿನಲ್ಲಿ ನಾಲ್ಕು ದಿನಕ್ಕಾಗುವಷ್ಟು ರೊಟ್ಟಿ ಇತ್ತು.

ನಾನು ಪಂಚೆಯ ಚುಂಗು ಬಿಟ್ಟೆ.

ಗುಮಾಸ್ತರು ಹೇಳಿಕೆ ಬರೆದು ಓದಲು ಹೊರಟರು. ದೊಡ್ಡಪ್ಪ ಕೈ ಅಡ್ಡ ಹಿಡಿದ. "ನೀವು ಓದಿದ್ದು ಬ್ಯಾಡ ಸ್ವಾಮಿ. ನಮ್ಮ ಹುಡುಗಿ ಓದ್ತಾಳೆ." ಕಾಗದ ನನ್ನ ಕೈಗೆ ಬಂತು. ಓದಿದೆ. ಇನ್ನೊಂದು ಸಲ ಎಂದ. ಓದಿದೆ. "ಹೊಲದ ಮಾತೈತಾ? ಕುರಿ ಮಾತೈತಾ?" ಇಲ್ಲ ಎಂದೆ. "ಆಪ್ರೇಷನ್?" ಗುಮಾಸ್ತರು ಪೆನ್ನು ಕೆಳಗಿಟ್ಟು, "ಅಯ್ಯಾ, ನಿನ್ನ ವಯಸ್ಸಿಗೆ ಅದರ ಅಗತ್ಯ ಇಲ್ಲಪ್ಪ" ಎಂದರು. ಅವನು ನಗಲಿಲ್ಲ. ಕೊನೆಯ ಸಾಲಿಗೂ ಹೆಬ್ಬೆಟ್ಟಿನ ಜಾಗಕ್ಕೂ ನಡುವೆ ನಾಲ್ಕು ಬೆರಳು ಖಾಲಿ ಇದ್ದದ್ದನ್ನು ತೋರಿಸಿದ. "ಇಲ್ಲಿ ಯಾಕೆ ಬುಟ್ಟವ್ರೆ? ಗೀಟು ಎಳಿ."

ಗುಮಾಸ್ತರ ಪೆನ್ನನ್ನೇ ಕೇಳಿ ಪಡೆದು ಮೂಲೆಯಿಂದ ಮೂಲೆಗೆ ಗೀಟು ಎಳೆದೆ. ಆಮೇಲೆ ಅವನು ಮಸಿಯಲ್ಲಿ ಹೆಬ್ಬೆರಳು ಅದ್ದಿ ಒತ್ತಿದ. ಯಾರೂ ಅವನನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಸ್ವಲ್ಪ ಹೊತ್ತು ಕಾದು, "ಇಷ್ಟೇನಾ?" ಎಂದ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಇಬ್ಬರೂ ಜೈಲಿನ ರೊಟ್ಟಿ ತಿಂದೆವು. ಅವನು ಬೆರಳಿನ ಮಸಿಯನ್ನು ಊರು ಬರುವ ತನಕ ಕಂಬಳಿಗೆ ಉಜ್ಜುತ್ತಲೇ ಇದ್ದ. ಹಾಸ್ಟೆಲಿಗೆ ಹೋಗುವಾಗ ಆ ಕಂಬಳಿಯನ್ನು ನನಗೇ ಕೊಟ್ಟ.

ನಮ್ಮ ಮನೆತನದಲ್ಲಿ ರುಜು ಹಾಕಿದ ಮೊದಲ ಕೈ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಇವತ್ತಿಗೂ ಯಾವ ಕಾಗದವನ್ನಾದರೂ ಎರಡು ಸಲ ಓದದೆ ರುಜು ಹಾಕಲಾರೆ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಯಾರೋ ಕೇಳಿದ ಒಟಿಪಿ ಹೇಳಲು ಹೊರಟಿದ್ದಳು. ಫೋನು ಕಿತ್ತುಕೊಂಡು, "ಯಾರು ಕೇಳಿದರೂ ಹೇಳಬಾರದು" ಎಂದೆ. ದನಿ ನನ್ನದೇ ಅನಿಸಲಿಲ್ಲ... ಒಣಗಿದ ಕಂಬಳಿಯನ್ನು ಮಡಿಸಲು ಹೋದಾಗ ಅಂಚಿನಲ್ಲಿ ಮಸಿಯ ಕಲೆ ಹುಡುಕಿದೆ. ಕರಿ ಉಣ್ಣೆಯಲ್ಲಿ ಅದು ಹೇಗೆ ಕಂಡೀತು? ಅವನು ಹೋಗಿ ಬಹಳ ವರ್ಷವಾಯಿತು. ಅವನು ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿ ಮುಚ್ಚಿ ಅದರ ಮೇಲೆ ಯಾರೋ ಸ್ಕೂಟರು ನಿಲ್ಲಿಸುತ್ತಾರೆ. ಅವನ ಮೇಲೆ ಪಟ್ಟ ಅನುಮಾನಕ್ಕೆ ನಾನು ಒಂದು ದಿನವೂ ತಪ್ಪಾಯಿತು ಎನ್ನಲಿಲ್ಲ.

ಕಂಬಳಿಯ ಮಡಿಕೆಯಲ್ಲಿ ಯಾವಾಗಲೂ ಇರುವ, ನೀರು ತಾಗದೆ ಉಳಿದ ಡಿಗ್ರಿ ಸರ್ಟಿಫಿಕೇಟನ್ನು ಮತ್ತೆ ಅಲ್ಲೇ ಇಟ್ಟೆ. ಅದು ಬಂದ ದಿನ ಮೊದಲು ಅವನ ಕೈಗೇ ಕೊಟ್ಟಿದ್ದೆ. ಪಂಚೆಗೆ ಕೈ ಒರೆಸಿಕೊಂಡು ತಗೊಂಡ.

"ನಿಮ್ಮಪ್ಪನ ಹೆಸರೇ ಐತಾ?"

"ಐತೆ ದೊಡ್ಡಪ್ಪ."

"ಇದುಕ್ಕೆ ನೀನೇನು ಬರ್ಕೊಟ್ಟೆ?"

"ತಗೊಂಡಿದ್ದಕ್ಕೆ ಒಂದು ರುಜು ಹಾಕಿದೆ."

"ಓದಿ ಹಾಕಿದ್ಯಾ?"

"ಎರಡು ಸಲ ಓದಿ."

ತಲೆಯಾಡಿಸಿದ. ಬೆಳಕಿಗೆ ಹಿಡಿದು ನೋಡಿದ, ತಿರುವಿ ಹಾಕಿ ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ವಾಪಸು ಕೊಟ್ಟು, ಯಾರಿಗೂ ಕೇಳಿಸದ ಹಾಗೆ ಹೇಳಿದ.

"ಹಿಂದ್ಗಡೆ ಪೂರಾ ಖಾಲಿ ಬುಟ್ಟವ್ರೆ ಕಣಮ್ಮ. ಒಂದು ಗೀಟು ಎಳ್ಕೊಂಬುಡು."